ಪಾಲಕ ಸಂತರ ಹಬ್ಬ ಬಂತು, ಚರ್ಚ್ ಪಾಲನಾ ಮಂಡಳಿಗೆ ಹೊಸಬರಾ? ಇದನ್ನ ಓದ್ಕೊಳ್ಳಿ

ಪಾಲನಾ ಮಂಡಳಿಗೆ ಹೊಸದಾಗಿ ಆಯ್ಕೆ ಆದವ್ರಿಗೆ ಮೊದಲ ದೊಡ್ಡ ಪರೀಕ್ಷೆ ಅಂದ್ರೆ ವಾರ್ಷಿಕ ಹಬ್ಬ. ಸಂತ ಲಾರೆನ್ಸರ ಹೆಸರಿನ ಚರ್ಚನ್ನೇ ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಕರಾವಳಿಲಿ ಕಾರ್ಕಳದ ಅತ್ತೂರು, ಮಂಗಳೂರಿನ ಬೋಂದೆಲ್ ಅಂತ ಅವರ ಮೇಲಿನ ಭಕ್ತಿ ಜೋರು, ಅತ್ತೂರಂತೂ 2016ರಲ್ಲಿ ಬಸಿಲಿಕಾನೇ (ಪೋಪ್ ಕಡೆಯಿಂದ ವಿಶೇಷ ಗೌರವ ಸಿಕ್ಕ ಚರ್ಚ್) ಆಯ್ತು, ಎಲ್ಲ ಧರ್ಮದವ್ರೂ ಹರಕೆ ಹೊತ್ಕೊಂಡು ಬರ್ತಾರೆ. ನಿಮ್ಮ ಸಂತರು ಬೇರೆ ಆದ್ರೂ ಕೆಲ್ಸ ಹೆಚ್ಚುಕಮ್ಮಿ ಇದೇ.

ಫ್ಲೆಕ್ಸ್ ಡಿಸೈನ್ ಮಾಡಿಸೋಕೆ ಓಡೋ ಮೊದ್ಲು ಸಂತರ ಕತೆ ಒಂದ್ಸಲ ಓದಿ, ಮೊದಲ ಮೀಟಿಂಗ್‌ನಲ್ಲೇ ಓದಿಸಿ. ಲಾರೆನ್ಸರು 258ರಲ್ಲಿ, ವಲೇರಿಯನ್ ಚಕ್ರವರ್ತಿ ಕಾಲದಲ್ಲಿ ರೋಮ್‌ನಲ್ಲಿ ಹುತಾತ್ಮರಾದ ಡೀಕನ್, ಅಂದ್ರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಚರ್ಚ್ ಸೇವಕ. ಚರ್ಚಿನ ದುಡ್ಡು ನೋಡ್ಕೊಂಡು ಬಡವರಿಗೆ ಹಂಚೋದು ಅವರ ಕೆಲ್ಸ, ಅಂದ್ರೆ ಈಗಿನ ಲೆಕ್ಕದಲ್ಲಿ ನಮ್ಮ ಆರ್ಥಿಕ ಸಮಿತಿಯವ್ರು. ಚರ್ಚಿನ ಸಂಪತ್ತೆಲ್ಲ ತಂದು ಒಪ್ಪಿಸು ಅಂತ ಅಧಿಕಾರಿ ಹೇಳ್ದಾಗ ಮೂರು ದಿನ ಟೈಮ್ ತಗೊಂಡು, ಇದ್ದಿದ್ದನ್ನೆಲ್ಲ ಹಂಚಿಬಿಟ್ಟು, ಊರಿನ ಬಡವರನ್ನ ಕುಂಟರನ್ನ ಕುರುಡರನ್ನ ಕರ್ಕೊಂಡು ಹೋಗಿ ನಿಲ್ಸಿ ಇವ್ರೇ ನಮ್ಮ ಸಂಪತ್ತು ಅಂದ್ರಂತೆ. ಆಮೇಲೆ ಕಬ್ಬಿಣದ ಜಾಲರಿ ಮೇಲೆ ಸುಟ್ರು ಅನ್ನೋದು ಸಂಪ್ರದಾಯ, ಪ್ರತಿಮೆ ಕೈಲಿ ಜಾಲರಿ ಇರೋದು ಅದಕ್ಕೇ. (ಅಡುಗೆಯವ್ರಿಗೂ ಇವ್ರೇ ಪಾಲಕ ಸಂತರು, ಕೇಟರಿಂಗ್‌ನವ್ರಿಗೆ ಹೇಳಿ, ಖುಷಿ ಪಡ್ತಾರೆ.) ಹಾಗಾಗಿ ಇಂಥ ಸಂತರ ಹಬ್ಬದ ಬಜೆಟ್‌ನಲ್ಲಿ ಬಡವರ ಹೆಸ್ರಲ್ಲಿ ಒಂದು ಸಾಲು ಇಲ್ಲ ಅಂದ್ರೆ ಅದು ಭಕ್ತಿ ಅಲ್ಲ, ಬರೀ ಲೈಟಿಂಗು. ಯಾರದ್ದೋ ಆಸ್ಪತ್ರೆ ಬಿಲ್ಲು, ಮನೆ ರಿಪೇರಿ, ಮಕ್ಕಳ ಫೀಸು, ಏನಾದ್ರೂ ಸರಿ, ಆ ಸಾಲನ್ನ ಮೊದಲೇ ಬರೀರಿ, ಉಳಿದ್ರೆ ಕೊಡೋಣ ಅಂತ ಇಟ್ರೆ ಉಳಿಯಲ್ಲ.

ಇನ್ನು ಯಾರ ಮಾತು ಎಲ್ಲಿ ತನಕ ಅನ್ನೋದು ಗೊತ್ತಿರ್ಲಿ. 1983ರ ಕೆನಾನ್ ಕಾನೂನಿನ (ಕಥೋಲಿಕ ಚರ್ಚಿನ ಸ್ವಂತ ಕಾನೂನು) 536ನೇ ವಿಧಿ ಪ್ರಕಾರ ಪಾಲನಾ ಮಂಡಳಿಗೆ ಇರೋದು ಸಲಹೆ ಕೊಡೋ ಅಧಿಕಾರ ಮಾತ್ರ, ಅಧ್ಯಕ್ಷರು ವಿಗಾರರೇ, ಅಂದ್ರೆ ಚರ್ಚಿನ ಮುಖ್ಯ ಫಾದರ್. ಆದ್ರೆ 537ರ ಪ್ರಕಾರ ಆರ್ಥಿಕ ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ (ಒಂದು ಚರ್ಚಿಗೆ ಸೇರಿದ ವ್ಯಾಪ್ತಿ) ಇರ್ಲೇಬೇಕು. ಉಪಾಧ್ಯಕ್ಷರಾದ್ ಕೂಡ್ಲೇ ಚರ್ಚ್ ನಮ್ದೇ ಅನ್ನೋ ತರ ಆಡೋರೂ ಇದ್ದಾರೆ, ಫಾದರ್ ಏನ್ ಹೇಳಿದ್ರೂ ತಲೆ ಆಡಿಸಿ ಹೊರಗ್ ಬಂದು ಗೊಣಗೋರೂ ಇದ್ದಾರೆ, ಎರಡೂ ಬೇಡ, ಹೇಳೋದನ್ನ ಮೀಟಿಂಗ್‌ನಲ್ಲೇ ಹೇಳಿ, ಮಿನಿಟ್ಸ್‌ನಲ್ಲಿ ಬರೆಸಿ.

ಡೇಟ್ ಲೆಕ್ಕ ಸುಲಭ. ಸಂತರ ದಿನ ಆಗಸ್ಟ್ 10, ಒಂಬತ್ತು ದಿನದ ಪ್ರಾರ್ಥನೆ ನೊವೆನಾ ಆಗಸ್ಟ್ 1ಕ್ಕೆ ಶುರು ಮಾಡಿದ್ರೆ 9ಕ್ಕೆ ಮುಗಿಯತ್ತೆ, ಅವತ್ತು ಸಂಜೆ ವೆಸ್ಪರ್, ಅಂದ್ರೆ ಹಬ್ಬದ ಮುನ್ನಾದಿನದ ಸಂಜೆ ಪ್ರಾರ್ಥನೆ. ಹಬ್ಬದ ಹಿಂದಿನ ಭಾನುವಾರ ನಮ್ಮ ಕಡೆ ಭ್ರಾತೃತ್ವದ ಭಾನುವಾರ, ಪರಮಪ್ರಸಾದದ (ಪೂಜೇಲಿ ಯೇಸುವಿನ ದೇಹ ಅಂತ ಸ್ವೀಕರಿಸೋ ರೊಟ್ಟಿ) ಮೆರವಣಿಗೆ ಇರತ್ತೆ. ಆಗಸ್ಟ್ ಅಂದ್ರೆ ಆಟಿ (ತುಳು ತಿಂಗಳು) ಮಳೆ, ಮೆರವಣಿಗೆಗೆ ಎರಡ್ನೇ ಪ್ಲಾನ್ ಇಟ್ಕೊಳ್ಳಿ. ಅತ್ತೂರಿನ ದೊಡ್ಡ ಜಾತ್ರೆ ಹೇಗೂ ಜನವರಿಲಿ, ಅಲ್ಲಿ ಈ ತಲೆನೋವಿಲ್ಲ. ಹುತಾತ್ಮರ ಹಬ್ಬ ಆದ್ರಿಂದ ಪೂಜಾವಸ್ತ್ರ ಕೆಂಪು, ಅಲಂಕಾರದವ್ರಿಗೂ ಮೊದಲೇ ಹೇಳಿಬಿಡಿ.

ನೊವೆನಾನ ವಾಳೆವಾರು (ವಾಳೆ ಅಂದ್ರೆ ಚರ್ಚಿನ ವಾರ್ಡ್) ಹಂಚಿ. ಒಂದೊಂದು ದಿನ ಒಂದೊಂದು ವಾಳೆಗೆ, ವಾಚನ, ವಿಶ್ವಾಸಿಗಳ ಪ್ರಾರ್ಥನೆ, ಹಾಡು, ಹೂವು ಎಲ್ಲ ಅವ್ರದ್ದೇ. ಗುರಿಕಾರರಿಗೆ (ವಾಳೆಯ ಮುಖಂಡರು) ವಾಟ್ಸಾಪ್‌ನಲ್ಲಿ ಹಾಕಿ ಸುಮ್ನಾಗ್ಬೇಡಿ, ಫೋನ್ ಮಾಡಿ. ಒಂದು ದಿನ ರೋಗಿಗಳಿಗೆ ಅಂತ ಇಡಿ, ಮನೆಯಿಂದ ಕರ್ಕೊಂಡು ಬರೋಕೆ ಗಾಡಿ ವ್ಯವಸ್ಥೆ ಯುವಕರಿಗೆ ಒಪ್ಸಿ, ಅವ್ರು ಮಾಡ್ತಾರೆ, ಕೇಳೋರಿಲ್ಲ ಅಷ್ಟೇ.

ಈಗ ದುಡ್ಡು. ಹಬ್ಬದ ಪೋಷಕರಿಗೆ ಪೂಜೇಲಿ ಮೊಂಬತ್ತಿ ಕೊಟ್ಟು ಗೌರವಿಸೋದು ವಾಡಿಕೆ, ಅದು ಇರ್ಲಿ, ಆದ್ರೆ ಯಾರು ಎಷ್ಟು ಕೊಟ್ರು ಅಂತ ಮೈಕಲ್ಲಿ ಓದ್ಬೇಡಿ, ಕಡಿಮೆ ಕೊಟ್ಟೋರು ತಲೆ ತಗ್ಗಿಸ್ಕೊಂಡು ಕೂರೋ ಹಾಗಾಗತ್ತೆ. ಒಂದು ಉದ್ದೇಶಕ್ಕೆ ಅಂತ ಕೊಟ್ಟ ದುಡ್ಡು ಅದಕ್ಕೇ ಹೋಗ್ಬೇಕು, ಕೆನಾನ್ 1267 ಅದನ್ನೇ ಹೇಳತ್ತೆ, ಊಟಕ್ಕೆ ಅಂತ ಬಂದದ್ದನ್ನ ಪೇಂಟಿಂಗ್‌ಗೆ ತಿರುಗಿಸೋ ಹಾಗಿಲ್ಲ. ಪೂಜೆ ಹೇಳಿಸೋಕೆ ಕೊಟ್ಟಿದ್ದನ್ನ ಬೇರೆ ಪುಸ್ತಕದಲ್ಲೇ ಬರೀರಿ. ಕಾಣಿಕೆ ಡಬ್ಬಿಗೆ ಎರಡು ಬೀಗ, ಎರಡು ಬೀಗದ ಕೈ ಇಬ್ಬರ ಹತ್ರ. ದಿನಾ ರಾತ್ರಿನೇ ಎಣಿಸಿ, ಮೇಣದ ಸ್ಟ್ಯಾಂಡ್ ಪಕ್ಕ ಇರೋ ಡಬ್ಬಿ ನಾಣ್ಯಗಳು ಮೇಣ ಹತ್ತಿ ಒಂದಕ್ಕೊಂದು ಅಂಟ್ಕೊಂಡಿರ್ತವೆ, ಬಿಸಿನೀರಲ್ಲಿ ಹಾಕಿ ಬಿಡಿಸ್ಬೇಕು, ಟೈಮ್ ಹಿಡಿಯತ್ತೆ, ಆಮೇಲೆ ಮಾಡೋಣ ಅಂತ ಚೀಲಕ್ಕೆ ಕಟ್ಟಿಟ್ರೆ ಲೆಕ್ಕ ಕೂಡಲ್ಲ. ಎಣಿಸೋಕೆ ಕನಿಷ್ಠ ಮೂರು ಜನ, ಮೂರೂ ಜನ ಸೈನ್ ಹಾಕಿ, ಮಾರನೇ ದಿನ ಬ್ಯಾಂಕಿಗೆ.

ಸೌಂಡ್ ಸಿಸ್ಟಮ್‌ಗೆ ಪೊಲೀಸ್ ಪರ್ಮಿಷನ್ ಮೊದ್ಲೇ ತಗೊಳ್ಳಿ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗಡೆ ಸ್ಪೀಕರ್ ಹಾಕೋ ಹಾಗಿಲ್ಲ. ಪಾರ್ಕಿಂಗ್‌ಗೆ ಪಕ್ಕದ ಗದ್ದೆಯವ್ರನ್ನ ಹೋಗಿ ಕೇಳಿ, ಊಟಕ್ಕೂ ಕರೀರಿ.

ಹಬ್ಬ ಮುಗಿದ್ಮೇಲೆ ಬಂದದ್ದು, ಖರ್ಚಾದದ್ದು, ಬಡವರಿಗೆ ಹೋದದ್ದು ಮೂರನ್ನೂ ಒಂದೇ ಹಾಳೇಲಿ ಟೈಪ್ ಮಾಡಿ ನೋಟಿಸ್ ಬೋರ್ಡಿಗೆ ಹಾಕಿ. ಜನ ಕೊಟ್ಟದ್ದಕ್ಕೆ ಜನರಿಗೆ ಲೆಕ್ಕ ಕೊಡ್ಬೇಕು ಅಂತ ಕೆನಾನ್ 1287ರಲ್ಲೂ ಇದೆ. ಸಹಾಯ ಪಡೆದವ್ರ ಹೆಸರು ಮಾತ್ರ ಹಾಕ್ಬೇಡಿ, ಮೊತ್ತ ಸಾಕು. ಪೆಂಡಿಂಗ್ ಬಿಲ್ಲುಗಳಿದ್ರೆ ಅವೂ ಅದೇ ಹಾಳೆಯ ಕೆಳಗೆ ಬರ್ಲಿ.