ಕಬಡ್ಡಿ ಮ್ಯಾಟ್ ಮೇಲೆ ರಗ್ಬಿ ಲೀಗ್: ಕೆನಡಾದಲ್ಲಿ ನನ್ನ ಅನುಭವ

ಡೋಮ್, ಅಂದರೆ ಮೇಲೆ ಮುಚ್ಚಿದ ಮೈದಾನದ ಬಾಡಿಗೆಗೆ ದುಡ್ಡಿದ್ದಿದ್ದರೆ ನಾನು ಈ ದಾರಿ ಹಿಡಿಯುತ್ತಲೇ ಇರಲಿಲ್ಲ. ಟೊರಾಂಟೊ ಸುತ್ತಮುತ್ತ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮೈದಾನದಲ್ಲಿ ಆಡುವ ಮಾತೇ ಇಲ್ಲ, ಎಲ್ಲ ಹಿಮ. ಒಳಾಂಗಣ ಟರ್ಫ್ ಬೇಕೆಂದರೆ ಅರ್ಧ ಮೈದಾನಕ್ಕೇ ಗಂಟೆಗೆ 250-300 ಡಾಲರ್ ಕೇಳಿದರು. ವಾರಕ್ಕೆ ಎರಡು ದಿನ, ಎರಡೆರಡು ಗಂಟೆ ಅಂದುಕೊಂಡರೂ ಒಂದು ಚಳಿಗಾಲಕ್ಕೆ 18,000 ಡಾಲರ್ ಹತ್ತಿರ ಹೋಗುತ್ತದೆ. ನಮ್ಮ ಕೈಯಲ್ಲಿ ಇದ್ದದ್ದು 5,000 ಚಿಲ್ಲರೆ. ಶಾಲೆಯ ಜಿಮ್ ಮಾತ್ರ ಗಂಟೆಗೆ 60ಕ್ಕೆ ಸಿಗುತ್ತಿತ್ತು. ಜಿಮ್‌ನಲ್ಲಿ ರಗ್ಬಿ ಲೀಗ್ ಕಲಿಸುತ್ತೇನೆ ಅಂದಾಗ ಎಲ್ಲರೂ ನಕ್ಕರು. ಆದರೆ ನನ್ನ ತಲೆಯಲ್ಲಿದ್ದದ್ದು ಕಬಡ್ಡಿ. ಹೆಂಗಸರ ಕಬಡ್ಡಿ ಕೋರ್ಟ್ 12 ಮೀಟರ್ ಉದ್ದ, 8 ಮೀಟರ್ ಅಗಲ. ಆ ಜಿಮ್‌ನಲ್ಲಿ ಅದು ಆರಾಮಾಗಿ ಹಿಡಿಸುತ್ತದೆ. ಮೈಸೂರಿನಲ್ಲಿ ಯೂನಿವರ್ಸಿಟಿ ಕಬಡ್ಡಿ ತಂಡಕ್ಕೆ ಕವರ್ (ಒಳಬದಿಯ ಡಿಫೆಂಡರ್) ಆಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ರಾಷ್ಟ್ರೀಯ ತಂಡದ ಕೋಚ್ ಅಲ್ಲ. ನಮ್ಮ ಕಡೆಯ ಹುಡುಗಿಯರನ್ನು ತಯಾರು ಮಾಡಿ ಆಯ್ಕೆಗೆ ಕಳಿಸುವ ಕೆಲಸ ನನ್ನದು, ಅದರಲ್ಲೂ ಡಿಫೆನ್ಸ್ ಮಾತ್ರ. ಸಂಬಳ ಇಲ್ಲ.

ಕೆನಡಾ ಹೆಂಗಸರ ತಂಡ, ಅಂದರೆ ರೇವನ್ಸ್, 2017ರ ವಿಶ್ವಕಪ್‌ಗೆ ಆಸ್ಟ್ರೇಲಿಯಾಗೆ ಹೋದಾಗ ಹೆಚ್ಚಿನವರು ಯೂನಿಯನ್, ಅಂದರೆ ರಗ್ಬಿಯ ಇನ್ನೊಂದು ಬಗೆ, ಆಡಿ ಬಂದವರು. ಆದರೂ ಪಪುವಾ ನ್ಯೂ ಗಿನಿಯನ್ನು 22-8ರಲ್ಲಿ ಸೋಲಿಸಿ ಸೆಮಿಫೈನಲ್ ತಲುಪಿದರು. ಆಸ್ಟ್ರೇಲಿಯಾ ವಿರುದ್ಧದ ಮೊದಲ ಸೋಲು 88-0, ಸೆಮಿಫೈನಲ್‌ನಲ್ಲಿ ಅದೇ ತಂಡದ ವಿರುದ್ಧ 58-6. ಎರಡರ ನಡುವೆ ಒಂದು ವಾರವೂ ಇರಲಿಲ್ಲ. ಜನ 88 ಮಾತ್ರ ನೆನಪಿಟ್ಟುಕೊಂಡರು. ನನಗೆ ಕಂಡದ್ದು ಆ 30 ಪಾಯಿಂಟ್ ವ್ಯತ್ಯಾಸ. ಈ ಹುಡುಗಿಯರು ಬೇಗ ಕಲಿಯುತ್ತಾರೆ, ಕಲಿಯೋಕೆ ಜಾಗ ಸಿಕ್ಕಿಲ್ಲ ಅಷ್ಟೆ. 2022ರಲ್ಲಿ ಇಂಗ್ಲೆಂಡ್ ವಿರುದ್ಧ 54-4ರಲ್ಲಿ ಸೋತಾಗ ಇನ್ನೊಂದು ವಿಷಯ ಖಾತ್ರಿಯಾಯಿತು. ಅಟ್ಯಾಕ್ ಕಲಿಸುತ್ತಾ ಕೂತರೆ ಈ ಜನ್ಮದಲ್ಲಿ ಮುಗಿಯೋದಿಲ್ಲ. ಇರುವ ಗಂಟೆಗಳನ್ನೆಲ್ಲ ಡಿಫೆನ್ಸ್ ಮೇಲೆ ಸುರಿಯಬೇಕು.

ಯೂನಿಯನ್‌ನಿಂದ ಬಂದವರಿಗೆ ಎರಡು ರೋಗ. ಟ್ಯಾಕಲ್ ಆದ, ಅಂದರೆ ಚೆಂಡು ಹಿಡಿದವಳನ್ನು ಕೆಡವಿದ ತಕ್ಷಣ ಚೆಂಡಿನ ಮೇಲೆ ಬಾಗುತ್ತಾರೆ, ಕೈ ಹಾಕುತ್ತಾರೆ. ಹತ್ತು ವರ್ಷದ ಅಭ್ಯಾಸ. ಲೀಗ್‌ನಲ್ಲಿ ಅಷ್ಟು ಹೊತ್ತಿಗೆ ಬಿದ್ದವಳ ಎದುರಿಗೆ ಇಬ್ಬರು (ಇವರೇ ಮಾರ್ಕರ್) ನಿಂತು, ಉಳಿದವರು ಹತ್ತು ಮೀಟರ್ ಹಿಂದೆ ಹೋಗಿರಬೇಕು. ನಮ್ಮವರು ಅಲ್ಲೇ ನಿಂತು ಪೆನಾಲ್ಟಿ ಕೊಡುತ್ತಿದ್ದರು. ಎರಡನೇ ರೋಗ, ಒಬ್ಬೊಬ್ಬರೇ ಹಾರುವುದು. ಪಕ್ಕದವಳು ಎಲ್ಲಿದ್ದಾಳೆ ಅಂತ ನೋಡುವುದೇ ಇಲ್ಲ.

ಕಬಡ್ಡಿಯಲ್ಲಿ ಹಾಗೆ ಹಾರಿದರೆ ರೈಡರ್ ಪಾಯಿಂಟ್ ಎತ್ತಿಕೊಂಡು ಹೋಗುತ್ತಾಳೆ. ಕಾರ್ನರ್, ಅಂದರೆ ತುದಿಯವಳು, ಹೋದರೆ ಕವರ್ ಹೋಗಬೇಕು, ಚೈನ್ (ಕೈ ಕೈ ಹಿಡಿದ ಸಾಲು) ಬಿಡಬಾರದು. ನಾನು ಮೊದಲ ಆರು ವಾರ ರಗ್ಬಿ ಚೆಂಡನ್ನು ಜಿಮ್ ಒಳಗೆ ತರಲೇ ಇಲ್ಲ. ಬರೀ ಕಬಡ್ಡಿ. ಮುಚ್ಚಿಹೋದ ಒಂದು ಜೂಡೋ ಶಾಲೆಯ ಹಳೆ ಮ್ಯಾಟ್‌ಗಳು 900 ಡಾಲರ್‌ಗೆ ಸಿಕ್ಕಿದ್ದವು. ಅವನ್ನು ಪ್ರತಿ ಸಲ ವ್ಯಾನಿನಿಂದ ಇಳಿಸಿ, ಹಾಸಿ, ಮತ್ತೆ ತುಂಬುವುದಕ್ಕೇ ಅರ್ಧ ಗಂಟೆ ಹೋಗುತ್ತಿತ್ತು. ಅದನ್ನೇ ವಾರ್ಮ್‌ಅಪ್ ಅಂತ ಮಾಡಿಬಿಟ್ಟೆ. ಹಾಸನದ ಕಡೆಯ ಹುಡುಗಿಯೊಬ್ಬಳು, ಓದೋಕೆ ಬಂದವಳು, ಮೊದಲ ದಿನ ನೋಡಿ ಕೇಳಿದಳು: "ಅಕ್ಕಾ, ಇದು ಕಬಡ್ಡಿನಾ, ಕುಸ್ತಿನಾ?" "ಎರಡೂ ಅಲ್ಲ, ನೀನು ಮೊದಲು ಚೈನ್ ಹಿಡಿ" ಅಂದೆ.

ಮೊದಲು ಕೆಟ್ಟದ್ದು ಆಂಕಲ್ ಹೋಲ್ಡ್, ಅಂದರೆ ಕಾಲಿನ ಗಂಟು ಹಿಡಿಯುವುದು. ಮ್ಯಾಟ್ ಮೇಲೆ ಚೆಂದ. ಚೆಂಡು ಕೈಗೆ ಬಂದ ಮೇಲೆ ನೋಡಿದರೆ, ಕಾಲು ಹಿಡಿದಾಗ ಎದುರಾಳಿಯ ಎರಡೂ ಕೈ ಖಾಲಿ. ಬೀಳುತ್ತಾ ಬೀಳುತ್ತಾ ಪಾಸ್ ಕೊಟ್ಟುಬಿಡುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ತಲೆಯದ್ದು. ಓಡಿ ಬರುವವಳ ಮೊಣಕಾಲು, ಬಾಗಿದವಳ ತಲೆ ಒಂದೇ ಎತ್ತರದಲ್ಲಿ ಇರುತ್ತವೆ. ಒಬ್ಬಳು ತಲೆಗೆ ಪೆಟ್ಟು ಬಿದ್ದು ಕನ್ಕಶನ್ ಆಗಿ ಮೂರು ವಾರ ಹೊರಗೆ ಕೂತಳು. ಆವತ್ತೇ ಆಂಕಲ್ ಬಂದ್. ಅದರ ಬದಲು ಒಬ್ಬಳು ತೊಡೆ ಹಿಡಿಯಬೇಕು, ಒಬ್ಬಳು ಚೆಂಡು. ತೊಡೆಯವಳು ಮೊದಲು, ತಲೆ ಪಕ್ಕಕ್ಕೆ, ಕೆನ್ನೆ ಎದುರಾಳಿಯ ಸೊಂಟಕ್ಕೆ ಒತ್ತಿರಬೇಕು. ಇದೇ ಉಳಿಯಿತು.

ಆಮೇಲೆ ಬಿಡುವ ತೊಂದರೆ. ಕಬಡ್ಡಿಯಲ್ಲಿ ಹಿಡಿದರೆ ರೈಡರ್ ಉಸಿರು ಬಿಡುವವರೆಗೆ ಬಿಡೋದಿಲ್ಲ. ಲೀಗ್‌ನಲ್ಲಿ ರೆಫರಿ "ಹೆಲ್ಡ್" (ಹಿಡಿದದ್ದಾಯಿತು) ಅಂದ ಮೇಲೂ ಹಿಡಿದುಕೊಂಡಿದ್ದರೆ ಎದುರಾಳಿಗೆ ಮತ್ತೆ ಮೊದಲಿಂದ ಆರು ಟ್ಯಾಕಲ್‌ವರೆಗೆ ಚೆಂಡು. ನನ್ನ ಹುಡುಗಿಯರು ಅಷ್ಟು ಚೆನ್ನಾಗಿ ಹಿಡಿಯೋದು ಕಲಿತುಬಿಟ್ಟಿದ್ದರು! ಒಂದು ಸೀಟಿ ತಂದೆ. ಸೀಟಿ ಊದಿದ ತಕ್ಷಣ ಬಿಟ್ಟು, ಎದ್ದು, ಜಿಮ್‌ನ ಆ ತುದಿಯ ಗೆರೆಗೆ ಹಿಂದೆ ಹಿಂದೆ ಓಡಿ, ನಿಂತು, ಮತ್ತೆ ಸಾಲಾಗಿ ಮುಂದೆ. ಹೀಗೆ ಆರು ಸಲ ಆದರೆ ಒಂದು ಸೆಟ್. ಕೊನೆಗೆ ಬಂದವಳ ಗುಂಪಿಗೆ ಇನ್ನೊಂದು ಸೆಟ್. ಫೆಬ್ರವರಿ ಹೊತ್ತಿಗೆ ಸೀಟಿಯೇ ಬೇಡವಾಯಿತು.

ನಡುವೆ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನ ಪಂಜಾಬಿ ಕಬಡ್ಡಿ ಹುಡುಗರನ್ನು ಎದುರಿಗೆ ನಿಲ್ಲಿಸಿ ನೋಡಿದೆ. ಭಾರಿ ಹುಮ್ಮಸ್ಸು, ಭಾರಿ ಮೈಕಟ್ಟು. ಆದರೆ ಅವರದ್ದು ಸರ್ಕಲ್ ಕಬಡ್ಡಿ. ಅಲ್ಲಿ ರೈಡರ್‌ನನ್ನು ತಡೆಯುವವನು ಒಬ್ಬನೇ, ಚೈನ್ ಅನ್ನೋದೇ ಇಲ್ಲ. ಡಿಫೆನ್ಸ್ ಕಲಿಸೋಕೆ ಉಪಯೋಗಕ್ಕೆ ಬರಲಿಲ್ಲ. ಚೆಂಡು ಕೊಟ್ಟು ಓಡಿಸಿದರೆ ಮಾತ್ರ ಚಿನ್ನದಂಥ ಅಭ್ಯಾಸ. ಅವರನ್ನು ಇಬ್ಬರು ಸೇರಿ ನಿಲ್ಲಿಸಿದ ಹುಡುಗಿ ಆಮೇಲೆ ಯಾರಿಗೂ ಹೆದರಲಿಲ್ಲ. ಅವರ ಮೇಷ್ಟ್ರು ಪಾಜಿ ದುಡ್ಡು ತಗೊಳ್ಳಲಿಲ್ಲ, ಚಹಾ ಮಾತ್ರ ಕುಡಿದರು.

ಎದೆಬಡಿತ ಅಳೆಯೋಕೆ ಮೈಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿಗಳನ್ನೂ ತಂದು ನೋಡಿದೆ. ಆರಕ್ಕೆ ಸುಮಾರು 500 ಡಾಲರ್, ಸುಮ್ನೆ ದಂಡ. ಯಾರಿಗೆ ದಣಿವಾಗಿದೆ ಅಂತ ಬಾಯಿ ನೋಡಿದರೇ ಗೊತ್ತಾಗುತ್ತದೆ, ಮಾತು ನಿಂತಿರುತ್ತದೆ. ಹಿಂದೆ ಓಡುವಾಗ "ಕಬಡ್ಡಿ ಕಬಡ್ಡಿ" ಅಂತ ಉಸಿರು ಕಟ್ಟಿ ಹೇಳಿಸಿ ನೋಡಿದೆ. ಉಸಿರಿಗೆ ಏನೂ ಲಾಭ ಆಗಲಿಲ್ಲ ಅನಿಸುತ್ತದೆ. ಆದರೆ ಬಾಯಿ ಬಿಟ್ಟಿತು! ಮೊದಲು ಮೂಕರ ಹಾಗೆ ನಿಲ್ಲುತ್ತಿದ್ದ ಸಾಲು ಈಗ ಪೂರ್ತಿ ಕೂಗಾಡುತ್ತದೆ. "ಕಬಡ್ಡಿ" ಬದಲು ಪಕ್ಕದವಳ ಹೆಸರು, ಎದುರಿಗಿರುವವಳ ನಂಬರ್ ಹೇಳಿಸುತ್ತೇನೆ. ಇದನ್ನು ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಜಿಮ್ಮಿಗೆ ಹೆಚ್ಚುಕಡಿಮೆ 3,800. ಮ್ಯಾಟ್, ವ್ಯಾನಿನ ಪೆಟ್ರೋಲ್, ಟೇಪು, ಐಸ್ ಸೇರಿ ಇನ್ನೊಂದು 1,600. ಕೊರತೆ ಬಿದ್ದದ್ದನ್ನು ಯುಗಾದಿ ಕಾರ್ಯಕ್ರಮದಲ್ಲಿ ಪುಳಿಯೋಗರೆ, ಕೋಸಂಬರಿ ಮಾರಿ ತುಂಬಿಸಿದೆವು. ಹುಡುಗಿಯರು ಜೆರ್ಸಿ ಹಾಕಿಕೊಂಡೇ ಬಡಿಸಿದರು. ದೊಡ್ಡ ಖರ್ಚು ತರಬೇತಿಯದ್ದಲ್ಲ, ಪ್ರಯಾಣದ್ದು. ಈ ದೇಶದ ಅಗಲ ನೋಡಿ. ಆಯ್ಕೆ ವ್ಯಾಂಕೂವರ್ ಕಡೆ ಇದ್ದರೆ ಟಿಕೆಟ್, ವಸತಿ ಸೇರಿ ತಲೆಗೆ 1,000 ದಾಟುತ್ತದೆ, ಅದೂ ಅವರವರ ಜೇಬಿನಿಂದ. ಚೆನ್ನಾಗಿ ಆಡುವ ಇಬ್ಬರು ಇದಕ್ಕೇ ಬಿಟ್ಟು ಹೋದರು. ಟೊರಾಂಟೊ ವುಲ್ಫ್‌ಪ್ಯಾಕ್ ಅನ್ನುವ ರಗ್ಬಿ ಲೀಗ್ ಕ್ಲಬ್ ಇಲ್ಲಿನ ಲ್ಯಾಂಪೋರ್ಟ್ ಸ್ಟೇಡಿಯಂನಲ್ಲಿ ಆಡುತ್ತಿದ್ದ ದಿನಗಳಲ್ಲಿ ಲೀಗ್ ಅಂದರೆ ಜನಕ್ಕೆ ಗೊತ್ತಿತ್ತು, ಸ್ಪಾನ್ಸರ್ ಹತ್ತಿರ ಮಾತು ಶುರು ಮಾಡೋಕೆ ಒಂದು ನೆಪ ಇತ್ತು. 2020ರ ಜುಲೈನಲ್ಲಿ ಅವರು ಲೀಗ್ ಆಟದ ದೊಡ್ಡ ಟೂರ್ನಿಯಾದ ಸೂಪರ್ ಲೀಗ್‌ನಿಂದ ಹಿಂದೆ ಸರಿದ ಮೇಲೆ "ಯಾವ ಆಟ ಇದು?" ಅಂತಲೇ ಕೇಳುತ್ತಾರೆ.

ಬೇಸಿಗೆಯಲ್ಲಿ ಪಶ್ಚಿಮದ ತಂಡದ ಜೊತೆ ಆಡಿದೆವು. ಹಿಂದಿನ ವರ್ಷ ಅವರ ಎದುರು 40ಕ್ಕಿಂತ ಜಾಸ್ತಿ ಬಿಟ್ಟುಕೊಟ್ಟಿದ್ದೆವು. ಈ ಸಲ 14. ಸೋತೆವು, ನಮ್ಮದು 10. ಆದರೆ ತಪ್ಪಿದ ಟ್ಯಾಕಲ್ 40ರ ಆಸುಪಾಸಿನಿಂದ 20ರ ಒಳಗೆ ಬಂದಿತ್ತು. ಆಫ್‌ಸೈಡ್ ಪೆನಾಲ್ಟಿ, ಅಂದರೆ ಹಿಂದೆ ಸರಿಯದೆ ನಿಂತದ್ದಕ್ಕೆ ಬೀಳುವುದು, ಎರಡೋ ಮೂರೋ. ಕಬಡ್ಡಿ ಯಾಕೆ ಅಂತ ನಕ್ಕಿದ್ದ ಹಳೆಯ ಯೂನಿಯನ್ ಕೋಚ್ ಒಬ್ಬರು ಪಂದ್ಯ ಮುಗಿದ ಮೇಲೆ ಬಂದು, ಆ ಇಬ್ಬರ ಹಿಡಿತ ಹೇಗೆ ಕಲಿಸಿದಿರಿ ಅಂದರು. ಜಿಮ್ಮಿಗೆ ಬನ್ನಿ, ಮ್ಯಾಟ್ ಇಳಿಸೋಕೆ ಜನ ಬೇಕು ಅಂದೆ. ಬಂದರು ಕೂಡ. ನಮ್ಮ ಕಡೆಯಿಂದ ನಾಲ್ವರಿಗೆ ರಾಷ್ಟ್ರೀಯ ಶಿಬಿರಕ್ಕೆ ಕರೆ ಬಂತು. ಅದರಲ್ಲಿ ಮೂವರು ಮಿಡಲ್, ಅಂದರೆ ಮೈದಾನದ ನಡುವೆ ಆಡುವವರು, ಮೂವರೂ ನನ್ನ ಚೈನ್‌ನವರು. ಸ್ವಲ್ಪ ಜಂಬ ಪಡೋಣ ಬಿಡಿ.

ಇಬ್ಬರ ಹಿಡಿತಕ್ಕೆ ಮೂರನೆಯವಳು ಯಾವಾಗ ಒಳಗೆ ಬರಬೇಕು ಅನ್ನೋದಕ್ಕೆ ನಮ್ಮಲ್ಲಿ ಒಂದು ಸನ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪಶ್ಚಿಮದವರಲ್ಲೂ ಕನ್ನಡ ಓದುವ ಒಬ್ಬರಿದ್ದಾರೆ ಅಂತ ಗೊತ್ತಾಗಿದೆ. ಮಾರ್ಕರ್‌ಗಳನ್ನು ನಿಲ್ಲಿಸುವ ಕೋನವೂ ಹಾಗೆಯೇ, ಮುಂದಿನ ಸೀಸನ್ ಮುಗಿಯಲಿ.

ಉಳಿದದ್ದು ಒದ್ದೆ ಚೆಂಡಿನ ಕೆಲಸ. ಬಕೆಟ್‌ಗೆ ಪಾತ್ರೆ ತೊಳೆಯುವ ಸೋಪು ಹಾಕಿ ಚೆಂಡು ಅದ್ದಿ ಪಾಸ್ ಮಾಡಿಸುತ್ತಿದ್ದೇನೆ. ಆದರೆ ಜಿಮ್‌ನ ಮರದ ನೆಲ ಜಾರುತ್ತದೆ ಅಂತ ಶಾಲೆಯವರು ಎರಡು ಸಲ ಎಚ್ಚರಿಕೆ ಕೊಟ್ಟಿದ್ದಾರೆ. ಹಳೆ ರಬ್ಬರ್ ಹಾಸು ಎಲ್ಲಾದರೂ ಅಗ್ಗಕ್ಕೆ ಸಿಗುತ್ತದಾ ಅಂತ ಹುಡುಕುತ್ತಿದ್ದೇನೆ. ಮಿಸಿಸಾಗಾ ಕಡೆ ಇರುವವರು ಯಾರಾದರೂ ಕಂಡರೆ ಹೇಳಿ, ವ್ಯಾನ್ ನಾನೇ ತರುತ್ತೇನೆ.