ಸಿಗ್ನಲ್ ಸಿಗದ ಮನೆಗೆ ವೈಫೈ ಕಾಲಿಂಗ್

ಮಲೆನಾಡಿನಲ್ಲಿ ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೂ ಒಂದು ಫೋನ್ ಮಾಡಲು ಗುಡ್ಡ ಹತ್ತುವವರು ಇನ್ನೂ ಇದ್ದಾರೆ. ದಯವಿಟ್ಟು ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ ನೋಡಿ. ಆಗ ಕರೆ ಮೊಬೈಲ್ ಸಿಗ್ನಲ್ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಆನ್ ಮಾಡಬೇಕು. ಕಂಪ್ಯೂಟರ್ ಬೇಡ, ಆ್ಯಪ್ ಕೂಡ ಬೇಡ. ನಿಮ್ಮದೇ ನಂಬರಿನಿಂದ ಕರೆ ಹೋಗುತ್ತದೆ. ಆ ಕಡೆಯವರ ಹತ್ತಿರ ಹಳೇ ಕೀಪ್ಯಾಡ್ ಫೋನ್ ಇದ್ದರೂ ನಡೆಯುತ್ತದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರುಮಾಡಿದವು.

ಸಿಗ್ನಲ್ ಒಂದೇ ಗೆರೆ ಬಂದು ಹೋಗಿ ಮಾಡುವ ಕಡೆ ಮಾತು ತುಂಡಾಗುತ್ತದೆ, ಅಲ್ವಾ? ಆಗ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಫೋನ್ ಆ ಸಿಗ್ನಲ್ ಹಿಡಿಯದೆ ವೈಫೈಯಲ್ಲೇ ಇರುತ್ತದೆ. ಕರೆಂಟ್ ಹೋದರೆ ರೂಟರ್ ಆಫ್ ಆಗುತ್ತದೆ. ಅದಕ್ಕೊಂದು ಸಣ್ಣ ಯುಪಿಎಸ್ ಇಡಿ. ಮಳೆಗಾಲದಲ್ಲಂತೂ ಬೇಕೇ ಬೇಕು.