ಹೊರದೇಶದಿಂದ ಆನ್‌ಲೈನಲ್ಲಿ ತರಿಸೋ ಮುಂಚೆ ಪೂರ್ತಿ ಖರ್ಚು ಲೆಕ್ಕ ಹಾಕೋದು ಹೇಗೆ

ಹೊರದೇಶದ ಒಂದು ಸೈಟಲ್ಲಿ 100 ಡಾಲರ್‌ಗೆ ಹೆಡ್‌ಫೋನ್ ನೋಡ್ದೆ, ಶಿಪ್ಪಿಂಗ್ 30, ಒಟ್ಟು 130 ಆಯ್ತಲ್ಲ ಅಂತ ಆರ್ಡರ್ ಮಾಡ್ದೆ. ಹತ್ತು ದಿನ ಬಿಟ್ಟು ಕೊರಿಯರ್ ಹುಡುಗ ಬಾಗಿಲಿಗೆ ಬಂದ, ಆದ್ರೆ ಪಾರ್ಸೆಲ್ ಕೈಗೆ ಕೊಡ್ಲಿಲ್ಲ, ಮೊದಲು ಒಂದು ಚೀಟಿ ಕೊಟ್ಟ. ಅದ್ರಲ್ಲಿ ಮೂರು ಸಾಲು, ಡಾಲರ್ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಡ್ಯೂಟಿ (ಆಮದು ಸುಂಕ) 13, ಟ್ಯಾಕ್ಸ್ 28.60, ಕ್ಲಿಯರೆನ್ಸ್ ಫೀ 15. ಕೊನೆಗೆ ಬಿದ್ದಿದ್ದು 186.60.

ನನ್ನ ಹೆಡ್‌ಫೋನಿಗೆ ಡ್ಯೂಟಿ ರೇಟ್ 10 ಪರ್ಸೆಂಟ್, ಅಂದ್ಮೇಲೆ 10 ಡಾಲರ್ ಆಗ್ಬೇಕಲ್ವಾ, 13 ಹೇಗೆ? ಸುಮಾರು ದೇಶಗಳಲ್ಲಿ ಡ್ಯೂಟಿ ಹಾಕೋದು ಬರೀ ಸಾಮಾನಿನ ಬೆಲೆ ಮೇಲಲ್ಲ, ಬೆಲೆ, ಶಿಪ್ಪಿಂಗ್, ಇನ್ಶೂರೆನ್ಸ್ ಎಲ್ಲಾ ಕೂಡಿಸಿ, ಇದಕ್ಕೆ ಸಿಐಎಫ್ ಅಂತಾರೆ. ಆಮೇಲೆ ಆ 130ಕ್ಕೆ 13 ಸೇರಿಸಿ 143 ಮಾಡಿ ಅದ್ರ ಮೇಲೆ 20 ಪರ್ಸೆಂಟ್ ಟ್ಯಾಕ್ಸ್, ಅಂದ್ರೆ ಡ್ಯೂಟಿ ಮೇಲೂ ಟ್ಯಾಕ್ಸ್ ಬೀಳತ್ತೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಥರ ಕೆಲವು ಕಡೆ ಡ್ಯೂಟಿಗೆ ಅಂತರರಾಷ್ಟ್ರೀಯ ಸಾಗಾಟದ ಖರ್ಚು ಸೇರ್ಸಲ್ಲ. ನಿಮ್ಮಲ್ಲಿ ಯಾವ ಪದ್ಧತಿ ಅಂತ ಕಸ್ಟಮ್ಸ್ ಸೈಟಲ್ಲಿ ಮೊದಲೇ ನೋಡ್ಕೊಳ್ಳಿ.

ಡ್ಯೂಟಿ ರೇಟ್ ಹುಡುಕೋಕೆ ಎಚ್ಎಸ್ ಕೋಡ್ ಬೇಕು, ಅಂದ್ರೆ ಸಾಮಾನು ಯಾವ ಬಗೆದು ಅಂತ ಗುರುತಿಸೋಕೆ ಕಸ್ಟಮ್ಸ್‌ನೋರು ಬಳಸೋ ನಂಬರ್. ಇದ್ರ ಮೊದಲ 6 ಅಂಕಿ ಹೆಚ್ಚುಕಮ್ಮಿ ಇಡೀ ಪ್ರಪಂಚಕ್ಕೆ ಒಂದೇ, ಮಾರೋರನ್ನ ಕೇಳಿದ್ರೆ ಕೊಡ್ತಾರೆ. ಜೊತೆಗೆ ಸಾಮಾನು ತಯಾರಾಗಿದ್ದು ಎಲ್ಲಿ ಅಂತನೂ ಕೇಳಿ, ಡ್ಯೂಟಿ ರೇಟಿಗೆ ಬೇಕಾಗೋದು ಅದು, ಪಾರ್ಸೆಲ್ ಎಲ್ಲಿಂದ ಹೊರಡತ್ತೆ ಅನ್ನೋದಲ್ಲ.

ಎಲ್ಲಕ್ಕಿಂತ ಮುಖ್ಯ, ದುಡ್ಡು ಕಟ್ಟೋ ಪೇಜಲ್ಲಿ ಡಿಡಿಪಿ ಅಂತಿದ್ಯಾ ಡಿಎಪಿ ಅಂತಿದ್ಯಾ ನೋಡಿ. ಡಿಡಿಪಿ ಅಂದ್ರೆ ಡ್ಯೂಟಿ, ಟ್ಯಾಕ್ಸ್ ಎಲ್ಲಾ ಮಾರೋರೇ ಕಟ್ಟಿ ಕಳಿಸ್ತಾರೆ. ಡಿಎಪಿ, ಇಲ್ಲಾ ಹಳೇ ಹೆಸರಲ್ಲಿ ಡಿಡಿಯು ಅಂತಿದ್ರೆ ಅದು ನಿಮ್ಮ ತಲೆ ಮೇಲೆ. ಎರಡೂ ಬರ್ದಿಲ್ಲ ಅಂದ್ರೆ ಡಿಎಪಿ ಅಂತಾನೇ ಅಂದ್ಕೊಂಡು ಲೆಕ್ಕ ಹಾಕಿ. ನಾನು ನೋಡ್ದೇ ಬಿಟ್ಟಿದ್ದು ಇದೊಂದನ್ನೇ.

ಆ 15 ಡಾಲರ್ ಫೀ ಸರ್ಕಾರದ್ದಲ್ಲ. ಕೊರಿಯರ್‌ನೋರು ನಿಮ್ಮ ಪರವಾಗಿ ಡ್ಯೂಟಿ ಕಟ್ಟಿ ಪಾರ್ಸೆಲ್ ಬಿಡಿಸ್ಕೊಂಡು ಬಂದಿದ್ದಕ್ಕೆ ಹಾಕೋ ಚಾರ್ಜ್ ಅದು. 10 ಡಾಲರ್ ಸಾಮಾನಿಗೆ 15 ಡಾಲರ್ ಫೀ ಬಿದ್ರೆ ಮೂಗಿಗಿಂತ ಮೂಗುತಿ ಭಾರ ಆಗತ್ತೆ, ಅಂಥ ಸಣ್ಣ ಸಾಮಾನಿಗೆ ಪೋಸ್ಟಲ್ಲಿ ಕಳಿಸೋ ಆಪ್ಶನ್ ಇದ್ಯಾ ನೋಡಿ, ನಿಧಾನ ಆದ್ರೂ ಅಲ್ಲಿ ಈ ಫೀ ಸಾಮಾನ್ಯವಾಗಿ ಕಮ್ಮಿ.

"ಇಷ್ಟು ಬೆಲೆ ಒಳಗಿದ್ರೆ ಏನೂ ಕಟ್ಟಂಗಿಲ್ಲ" ಅನ್ನೋ ಹಳೇ ಸಲಹೆ ನಂಬ್ಕೊಂಡು ಕೂರಬೇಡಿ. ಯುರೋಪಿಯನ್ ಯೂನಿಯನ್‌ನಲ್ಲಿ 22 ಯೂರೋ ಒಳಗಿನ ಮಾಲಿಗೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ಹೋಯ್ತು, ಅಮೆರಿಕದ 800 ಡಾಲರ್ ವಿನಾಯಿತಿನ 2025ರ ಆಗಸ್ಟ್ 29ರಿಂದ ನಿಲ್ಸಿದ್ದಾರೆ. ಬ್ರಿಟನ್ನಲ್ಲಿ 135 ಪೌಂಡ್ ಒಳಗಿನ ಮಾಲಿಗೆ ವ್ಯಾಟ್ ವಸೂಲಿ ಆಗೋದು ಸಾಮಾನ್ಯವಾಗಿ ಖರೀದಿ ಮಾಡುವಾಗಲೇ, ಅದಕ್ಕೇ ಬಿಲ್ ಎತ್ತಿಟ್ಕೊಂಡಿರಿ, ಬಾಗಿಲಲ್ಲಿ ಮತ್ತೆ ಕೇಳಿದ್ರೆ ತೋರ್ಸೋಕೆ ಬೇಕಾಗತ್ತೆ.

ಶಿಪ್ಪಿಂಗಲ್ಲಿ ಇನ್ನೊಂದು ಏಟು ಬೀಳೋದು ಡಬ್ಬಿ ಸೈಜಿಂದ. ಸೆಂಟಿಮೀಟರಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿ, ಬಂದಿದ್ದನ್ನ ಕೆಜಿ ತೂಕ ಅಂತ ಹಿಡಿಯೋದು ಕೊರಿಯರ್‌ಗಳಲ್ಲಿ ಮಾಮೂಲಿ ಲೆಕ್ಕ. 40, 30, 20ರ ಡಬ್ಬಿ ಅಂದ್ರೆ 4.8 ಕೆಜಿ, ಒಳಗಿರೋದು ಒಂದೇ ಕೆಜಿ ಆದ್ರೂ ಚಾರ್ಜ್ 4.8ಕ್ಕೇ. ದೊಡ್ಡ ಗಿಫ್ಟ್ ಬಾಕ್ಸ್ ಬೇಡ, ಚಿಕ್ಕದಾಗಿ ಪ್ಯಾಕ್ ಮಾಡಿ ಅಂತ ಮಾರೋರಿಗೆ ಮೊದಲೇ ಒಂದು ಮೆಸೇಜ್ ಹಾಕಿ. ಕಾರ್ಡ್ ಕೊಡುವಾಗ "ನಿಮ್ಮ ದೇಶದ ಕರೆನ್ಸಿಲೇ ಕಟ್ತೀರಾ" ಅಂತ ಕೇಳಿದ್ರೆ ಬೇಡ ಅನ್ನಿ, ಮಾರೋರ ಕರೆನ್ಸಿಲೇ ಕಟ್ಟಿ, ಇಲ್ಲಾಂದ್ರೆ ಅವರು ಹಾಕಿದ್ದೇ ರೇಟು.

ಬೆಲೆ ಕಮ್ಮಿ ಬರ್ದು ಗಿಫ್ಟ್ ಅಂತ ಕಳಿಸ್ತೀವಿ ಅನ್ನೋ ಮಾರಾಟಗಾರರು ಸಿಗ್ತಾರೆ, ದಯವಿಟ್ಟು ಒಪ್ಕೋಬೇಡಿ. ಸಿಕ್ಕಿಬಿದ್ರೆ ಕಸ್ಟಮ್ಸ್‌ಗೆ ಉತ್ತರ ಕೊಡ್ಬೇಕಾದವರು ನೀವು, ಪಾರ್ಸೆಲ್ ಕಳೆದುಹೋದ್ರೆ ಇನ್ಶೂರೆನ್ಸಲ್ಲಿ ಬರೋದೂ ಆ ಬರ್ದ ಬೆಲೆಯಷ್ಟೇ.

ಡ್ಯೂಟಿ ಕಟ್ಟಿ ಅಂತ ಎಸ್ಎಂಎಸ್ ಬಂದ್ರೆ ಅದ್ರ ಲಿಂಕ್ ಒತ್ತಬೇಡಿ, ಕೊರಿಯರ್ ಸೈಟಿಗೆ ನೀವೇ ಹೋಗಿ ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿ. ನಿಜವಾಗ್ಲೂ ಬಾಕಿ ಇದ್ರೆ ಬೇಗ ಕಟ್ಟಿ, ತಡ ಆದ್ರೆ ಗೋಡೌನ್ ಬಾಡಿಗೆನೂ ಸೇರ್ಕೊಳ್ಳಬಹುದು. ಬಿಲ್ ಜಾಸ್ತಿ ಅನ್ಸಿದ್ರೆ ಯಾವ ಎಚ್ಎಸ್ ಕೋಡ್ ಹಾಕಿದ್ದಾರೆ ಅಂತ ಕೇಳಿ, ತಪ್ಪು ಕೋಡ್ ಆಗಿದ್ರೆ ಆರ್ಡರ್ ಬಿಲ್ಲು, ಡ್ಯೂಟಿ ರಸೀದಿ ಎರಡೂ ಇಟ್ಟು ಮರುಪರಿಶೀಲನೆಗೆ ಅರ್ಜಿ ಹಾಕಿ. ಸಾಮಾನು ವಾಪಸ್ ಕಳಿಸಿದಾಗ್ಲೂ ಅಷ್ಟೇ, ಮಾರೋರು ಕೊಡೋದು ಸಾಮಾನಿನ ದುಡ್ಡು ಮಾತ್ರ, ಡ್ಯೂಟಿ ವಾಪಸ್ ಬೇಕಂದ್ರೆ ಕಸ್ಟಮ್ಸ್‌ಗೆ ಬೇರೆ ಅರ್ಜಿ, ಅದಕ್ಕೂ ಇದೇ ಎರಡು ಕಾಗದ ಬೇಕು.